ಥೊರಾಂಗ್ ಲಾ ದಾರಿಯಲ್ಲಿ ನಾವು ಉಳಿಸಿದ ಮೂರು ರಾತ್ರಿ

ಥೊರಾಂಗ್ ಲಾ ದಾಟಿಸುತ್ತೇವೆ ಅಂತ ಯಾರಾದರೂ ನಿಮಗೆ ಐದು ದಿನದ ಪ್ಯಾಕೇಜ್ ತೋರಿಸಿದರೆ, ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ಕಳೆದ ಅಕ್ಟೋಬರ್ ಕೊನೆಯ ವಾರ ಅಂಥದ್ದೇ ಪ್ಯಾಕೇಜಿನಲ್ಲಿ ಹೋಗಿ ನನ್ನ ತಮ್ಮನನ್ನು ಇನ್ನೇನು ಕಳೆದುಕೊಳ್ಳುವವನಿದ್ದೆ. ಅವನು ಈಗ ಚೆನ್ನಾಗಿದ್ದಾನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಅಮ್ಮನೂ ಓದುತ್ತಾಳೆ, ಆ ರಾತ್ರಿಯ ವಿವರ ಅವಳಿಗೆ ಇನ್ನೂ ಪೂರ್ತಿ ಗೊತ್ತಿಲ್ಲ.

ಗೊತ್ತಿಲ್ಲದವರಿಗೆ: ಥೊರಾಂಗ್ ಲಾ ನೇಪಾಳದ ಅನ್ನಪೂರ್ಣ ಸರ್ಕ್ಯೂಟಿನ ಅತಿ ಎತ್ತರದ ಜಾಗ, 5416 ಮೀಟರ್. ‘ಲಾ’ ಅಂದರೆ ಟಿಬೆಟನ್ ಭಾಷೆಯಲ್ಲಿ ಬೆಟ್ಟಸಾಲಿನ ನಡುವಿನ ಕಂಡಿ, ಇಂಗ್ಲಿಷಿನ ಪಾಸ್. ಈಚೆ ಮನಾಂಗ್, ಆಚೆ ಮುಕ್ತಿನಾಥ. ಹಗ್ಗ ಹಿಡಿದು ಹತ್ತುವ ಜಾಗವಲ್ಲ. ದಾರಿ ಸ್ಪಷ್ಟವಾಗಿದೆ, ಸೀಸನ್‌ನಲ್ಲಿ ದಿನಕ್ಕೆ ನೂರಾರು ಜನ ದಾಟುತ್ತಾರೆ, ಹಾದಿಯುದ್ದಕ್ಕೂ ಊಟ ವಸತಿಯ ಲಾಡ್ಜ್‌ಗಳಿವೆ. ಹಾಗಾಗಿಯೇ ಅದು ಸುಲಭ ಅನ್ನಿಸುತ್ತದೆ. ನಮಗೂ ಅನ್ನಿಸಿತ್ತು. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವ ಹುಡುಗ ನನ್ನ ತಮ್ಮ. ಆದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1930 ಮೀಟರ್. ಮನಾಂಗ್ ಊರು 3540. ಅಂದರೆ ನಮ್ಮ ಕಾಲಿನ ಅನುಭವವೆಲ್ಲ ಮುಗಿದ ಮೇಲೆ ಅಲ್ಲಿನ ಚಾರಣ ಶುರುವಾಗುತ್ತದೆ.

ಮೊದಲು ಬೇಸಿಸಹರ್‌ನಿಂದ ಮನಾಂಗ್‌ಗೆ ನಡೆದೇ ಹೋಗಬೇಕಿತ್ತು, ಆರೇಳು ದಿನ ಹಿಡಿಯುತ್ತಿತ್ತು. ಈಗ ಜೀಪು ಹೋಗುತ್ತದೆ. ರಸ್ತೆ ಬಂದದ್ದು ಆ ಊರಿನವರಿಗೆ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ರಸ್ತೆಯನ್ನು ನಂಬಿ ಮಾಡುವ ವೇಳಾಪಟ್ಟಿಯ ಮೇಲೆ. ನಾವು ಮಲಗಿದ ಜಾಗಗಳು ಹೀಗಿದ್ದವು: ಮೊದಲ ರಾತ್ರಿ ಬೇಸಿಸಹರ್, ಸುಮಾರು 760 ಮೀಟರ್. ಎರಡನೆಯ ರಾತ್ರಿ ಮನಾಂಗ್, 3540. ಮೂರನೆಯದು ಯಾಕ್ ಖರ್ಕ, ಸುಮಾರು 4050. ನಾಲ್ಕನೆಯದು ಹೈ ಕ್ಯಾಂಪ್, ಸುಮಾರು 4900. ಐದನೆಯ ದಿನ ಪಾಸ್ ದಾಟಿ ಮುಕ್ತಿನಾಥದಲ್ಲಿ ಊಟ.

ಈ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದುಕೊಂಡಿದ್ದರೆ ಹತ್ತನೇ ಕ್ಲಾಸಿನ ಮಗುವೂ ಬೇಡ ಅನ್ನುತ್ತಿತ್ತೇನೋ. ನಾವು ಬರೆದುಕೊಳ್ಳಲಿಲ್ಲ. ಪ್ಯಾಕೇಜಿನ ಹಾಳೆಯಲ್ಲಿ ‘ದಿನ 2: ಸುಂದರ ಜೀಪ್ ಪ್ರಯಾಣ’ ಅಂತಿತ್ತು, ಅದನ್ನು ಓದಿ ಖುಷಿಪಟ್ಟೆವು. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಅನ್ನುವುದು ಪರ್ವತ ವೈದ್ಯರೆಲ್ಲ ಹೇಳುವ ಮಾತು. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ಜೀಪು ಹತ್ತಿದರೂ ದಾರಿಯಲ್ಲಿ ಸಿಗುವ ಚಾಮೆಯಲ್ಲಿ ಒಂದು ರಾತ್ರಿ, ಪಿಸಾಂಗ್‌ನಲ್ಲಿ ಒಂದು, ಮನಾಂಗ್‌ನಲ್ಲಿ ಇನ್ನೊಂದು ಹೆಚ್ಚು ಮಲಗಿ, ಕೊನೆಯ ರಾತ್ರಿ ಹೈ ಕ್ಯಾಂಪಿನ ಬದಲು ಅದರ ಕೆಳಗಿನ ಥೊರಾಂಗ್ ಫೇದಿಯಲ್ಲಿ ಉಳಿದಿದ್ದರೆ ಸಾಕಿತ್ತು. ಮೂರು ರಾತ್ರಿ. ಆಫೀಸಿನ ರಜೆಯಲ್ಲಿ ನಾವು ಉಳಿಸಿಕೊಂಡದ್ದು ಅಷ್ಟನ್ನೇ.

ಕಂಪನಿಯನ್ನು ಮಾತ್ರ ದೂರಿ ಕೈತೊಳೆದುಕೊಳ್ಳಲಾರೆ. ಯಾಕ್ ಖರ್ಕದಲ್ಲಿ ನಮ್ಮ ಗೈಡ್ ನನ್ನನ್ನು ಪಕ್ಕಕ್ಕೆ ಕರೆದು, ಹಿಂದಿಯಲ್ಲಿ, ಬಹಳ ಸಂಕೋಚದಿಂದ ಹೇಳಿದ್ದ: “ದಾಯಿ (ಅಣ್ಣ), ನಿಮ್ಮ ಭಾಯಿ ಊಟ ಮಾಡ್ತಿಲ್ಲ. ನಾಳೆ ಇಲ್ಲೇ ಇರೋಣವಾ?” ಇಪ್ಪತ್ತಮೂರೋ ನಾಲ್ಕೋ ವಯಸ್ಸಿನ ಹುಡುಗ. ನಾನು ವಾಪಸ್ ವಿಮಾನದ ದಿನಾಂಕ ಹೇಳಿದೆ. ಅವನು ಸುಮ್ಮನಾದ. ಅಲ್ಲಿನವರು ಈ ಕಾಯಿಲೆಗೆ ‘ಲೇಕ್ ಲಾಗ್ಯೋ’ ಅನ್ನುತ್ತಾರೆ, ಎತ್ತರ ಬಡಿಯಿತು ಅಂತ. ಆ ಎರಡು ಶಬ್ದವನ್ನು ಅವನು ಅವತ್ತೇ ಬಾಯಿಬಿಟ್ಟು ಹೇಳಿದ್ದ. ನನಗೆ ಅರ್ಥವಾಗಲಿಲ್ಲ ಅನ್ನುವುದು ಸುಳ್ಳು. ಅರ್ಥ ಮಾಡಿಕೊಳ್ಳಲು ಇಷ್ಟವಿರಲಿಲ್ಲ.

ತಮ್ಮನೂ ಮುಚ್ಚಿಟ್ಟಿದ್ದ. ಮನಾಂಗ್‌ನಲ್ಲೇ ತಲೆನೋವು ಶುರುವಾಗಿತ್ತಂತೆ. ನನಗೆ ಕಾಣದ ಹಾಗೆ ಪ್ಯಾರಸಿಟಮಾಲ್ ನುಂಗುತ್ತಿದ್ದ. ಕೇಳಿದಾಗೆಲ್ಲ “ಏನಿಲ್ಲ ಅಣ್ಣ, ನಿದ್ದೆ ಸರಿಯಾಗಿಲ್ಲ ಅಷ್ಟೇ” ಅನ್ನುತ್ತಿದ್ದ. ಯಾಕೆ ಹಾಗೆ ಮಾಡಿದೆ ಅಂತ ಆಮೇಲೆ ಕೇಳಿದೆ. “ನನ್ನಿಂದ ನಿನ್ನ ಟ್ರಿಪ್ ಹಾಳಾಗೋದು ಬೇಡ ಅಂತ” ಅಂದ. ಅಣ್ಣತಮ್ಮಂದಿರು, ಗಂಡಹೆಂಡತಿ, ಹಳೇ ಸ್ನೇಹಿತರು ಒಟ್ಟಿಗೆ ಹೋಗುವಾಗ ಈ ಮಾತು ತುಂಬ ಅಪಾಯಕಾರಿ. ಎತ್ತರದಲ್ಲಿ ತಲೆನೋವಿನ ಜೊತೆಗೆ ಊಟ ಸೇರದಿರುವುದು, ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅದು ಎತ್ತರದ ಕಾಯಿಲೆಯೇ ಅಂತ ಹಿಡಿಯಬೇಕು. ಮಾತ್ರೆ ತಲೆನೋವನ್ನು ಅಡಗಿಸುತ್ತದೆ, ಕಾಯಿಲೆ ಹಾಗೇ ಇರುತ್ತದೆ.

ನಾಲ್ಕನೆಯ ದಿನ ಮಧ್ಯಾಹ್ನ ಥೊರಾಂಗ್ ಫೇದಿ ಮುಟ್ಟಿದಾಗ ಎಲ್ಲರಿಗಿಂತ ಹಿಂದೆ ಬಂದವನು ನನ್ನ ತಮ್ಮ. ಊರಲ್ಲಿ ಹಾಫ್ ಮ್ಯಾರಥಾನ್ ಓಡುವವನು ಹತ್ತು ಹೆಜ್ಜೆಗೊಮ್ಮೆ ಕೋಲಿಗೆ ಒರಗಿ ನಿಲ್ಲುತ್ತಿದ್ದ, ಒಣ ಕೆಮ್ಮು ಕೆಮ್ಮುತ್ತಿದ್ದ. ಧೂಳು, ಒಣಗಾಳಿ ಅಂದುಕೊಂಡೆ. ಅಲ್ಲೇ ಉಳಿಯಬಹುದಿತ್ತು. ಬೆಳಗಿನ ಜಾವದ ಏರು ಕಡಿಮೆಯಾಗಲಿ ಅಂತ ಇನ್ನೊಂದು ಗಂಟೆ ಹತ್ತಿ ಹೈ ಕ್ಯಾಂಪಿಗೆ ಹೋದೆವು.

ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಅವನು ಗೋಡೆಗೆ ಒರಗಿ ಕೂತಿದ್ದ. “ಮಲಗೋಕೆ ಆಗ್ತಿಲ್ಲ ಅಣ್ಣ, ಮಲಗಿದ್ರೆ ಉಸಿರು ಕಟ್ಟುತ್ತೆ” ಅಂದ. ಒಂದೊಂದು ಪದಕ್ಕೂ ನಡುವೆ ಏದುಸಿರು. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ತುಟಿ ನೇರಳೆಹಣ್ಣು ತಿಂದವನ ತುಟಿಯ ಹಾಗಿತ್ತು. ಬೆನ್ನಿಗೆ ಕಿವಿ ಇಟ್ಟೆ. ಒಳಗೆ ಹುಕ್ಕಾ ಎಳೆದ ಹಾಗೆ ಗುಳುಗುಳು ಸದ್ದು. ಪಕ್ಕದ ಕೋಣೆಯಲ್ಲಿದ್ದ ವಿದೇಶಿ ಹೆಂಗಸೊಬ್ಬರು ನರ್ಸ್ ಅಂತ ಸಂಜೆ ಊಟದ ಹೊತ್ತಿಗೆ ಗೊತ್ತಾಗಿತ್ತು, ಹೋಗಿ ಬಾಗಿಲು ತಟ್ಟಿದೆ. ಅವರು ಬೆರಳಿಗೆ ಆಕ್ಸಿಮೀಟರ್ ಹಾಕಿದರು. 56. ಆ ಎತ್ತರದಲ್ಲಿ ಹೊಂದಿಕೊಂಡವರಿಗೆ 80ರ ಆಸುಪಾಸು ಇರುತ್ತದೆ. ಆಕೆ ಹೇಳಿದ್ದು ಒಂದೇ ಮಾತು: ಈಗಲೇ ಇಳಿಸಿ, ಬೆಳಗಾಗುವವರೆಗೆ ಕಾಯಬೇಡಿ.

ನಮ್ಮ ಹಾಳೆಯಲ್ಲಿ ‘ಆಕ್ಸಿಜನ್ ಸಿಲಿಂಡರ್ ಸೌಲಭ್ಯ’ ಅಂತ ಬರೆದಿತ್ತು. ಗೈಡನ್ನು ಕೇಳಿದೆ. ಸಿಲಿಂಡರ್ ಇನ್ನೊಂದು ತಂಡದ ಜೊತೆ ಹೋಗಿದೆ ಅಂದ. ಕಂಪನಿಗೆ ಫೋನು ಮಾಡಿದೆವು. ಮೂರನೆಯ ಸಲಕ್ಕೆ ಎತ್ತಿದವರು ಕೊಟ್ಟ ಸಲಹೆಯನ್ನು ದಯವಿಟ್ಟು ನೆನಪಿಡಿ, ಯಾಕೆಂದರೆ ಅದೇ ಮಾತನ್ನು ನಿಮಗೂ ಯಾರಾದರೂ ಹೇಳಬಹುದು. “ಹೇಗೂ ನಾಲ್ಕು ಗಂಟೆಗೆ ಎಲ್ಲರೂ ಹೊರಡ್ತಾರೆ. ಕುದುರೆ ಮೇಲೆ ಕೂರಿಸಿ ಪಾಸ್ ದಾಟಿಸಿಬಿಡಿ. ಮುಕ್ತಿನಾಥ ಬರೀ 3800 ಮೀಟರ್, ಅಲ್ಲಿಗೆ ಜೀಪು ಬರುತ್ತೆ, ಆಸ್ಪತ್ರೆಗೂ ಹತ್ತಿರ.”

ಕೇಳಲು ಸರಿಯಾಗಿಯೇ ಇತ್ತು. ನನ್ನ ಮನಸ್ಸು ಎರಡು ನಿಮಿಷ ಅತ್ತ ವಾಲಿದ್ದೂ ನಿಜ. ಮುಕ್ತಿನಾಥದ 108 ಧಾರೆಗಳ ತೀರ್ಥ ತನ್ನಿ ಅಂತ ಅಮ್ಮ ಪುಟ್ಟ ತಾಮ್ರದ ಚೊಂಬು ಕಟ್ಟಿಕೊಟ್ಟಿದ್ದಳು, ಅದು ನನ್ನ ಬ್ಯಾಗಿನಲ್ಲಿತ್ತು. ಆದರೆ ಲೆಕ್ಕ ನೋಡಿ. ಆಚೆ ಇಳಿಯಬೇಕಾದರೆ ಮೊದಲು ಇನ್ನೂ 500 ಮೀಟರ್ ಹತ್ತಬೇಕು. ಆರೋಗ್ಯವಾಗಿರುವವರಿಗೇ ಮೂರ್ನಾಲ್ಕು ಗಂಟೆಯ ದಾರಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಶ್ವಾಸಕೋಶದಲ್ಲಿ ಈಗಾಗಲೇ ನೀರು ತುಂಬಿರುವವನನ್ನು ಇನ್ನೂ ತೆಳು ಗಾಳಿಗೆ, ಮೈನಸ್ ಚಳಿಗೆ ಕರೆದೊಯ್ಯುವುದು ಅಂದರೆ ಏನು? ನರ್ಸ್ ನನ್ನ ಮುಖ ನೋಡಿ ಬೆರಳನ್ನು ಕೆಳಕ್ಕೆ ತೋರಿಸಿದರು, ಬಂದ ದಾರಿಯ ಕಡೆಗೆ. ಗೈಡ್ ಫೋನನ್ನು ಜೇಬಿಗೆ ಹಾಕಿ, ನನ್ನನ್ನು ಕೇಳದೆಯೇ ಶೂ ಕಟ್ಟತೊಡಗಿದ.

ಹೈ ಕ್ಯಾಂಪಿನಿಂದ ಫೇದಿಗೆ ಸುಮಾರು 400 ಮೀಟರ್ ಕಡಿದಾದ ಇಳಿಜಾರು, ಸಡಿಲ ಕಲ್ಲಿನ ಅಂಕುಡೊಂಕು ದಾರಿ. ಹಗಲು ಮುಕ್ಕಾಲು ಗಂಟೆಯಲ್ಲಿ ಇಳಿಯಬಹುದು. ನಮಗೆ ಎರಡೂವರೆ ಗಂಟೆ ಹಿಡಿಯಿತು. ಲಾಡ್ಜಿನ ಹುಡುಗನೊಬ್ಬ ಡೋಕೊ ತಂದ, ಅಲ್ಲಿನವರು ಸೌದೆ, ಸಾಮಾನು ಹೊರುವ ಬಿದಿರಿನ ಬುಟ್ಟಿ. ಅದರ ಒಂದು ಬದಿ ಕತ್ತರಿಸಿ ಕಾಲು ಹೊರಬರುವಂತೆ ಮಾಡಿ, ತಮ್ಮನನ್ನು ಮಲಗುವ ಚೀಲದ ಸಮೇತ ಕೂರಿಸಿದರು. ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು ಗೈಡ್ ಮತ್ತು ಆ ಹುಡುಗ ಸರದಿಯಲ್ಲಿ ಹೊತ್ತರು. ನಾನು ಮುಂದೆ ದೀಪ ಹಿಡಿದು ಹಿಂದಕ್ಕೆ ನಡೆಯುತ್ತಿದ್ದೆ. ಹೊರಲು ನನ್ನಿಂದ ಆಗಲಿಲ್ಲ. ಎಪ್ಪತ್ತು ಕಿಲೋ ತೂಕದವನನ್ನು ಹೊತ್ತವರು ಐವತ್ತೈದು ಕಿಲೋ ಇದ್ದಾರೋ ಇಲ್ಲವೋ. “ಬಿಸ್ತಾರೈ, ಬಿಸ್ತಾರೈ” ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದುದು ಈಗಲೂ ಕಿವಿಯಲ್ಲಿದೆ. ನಿಧಾನ, ನಿಧಾನ.

ಫೇದಿ ಮುಟ್ಟುವ ಹೊತ್ತಿಗೆ ಅವನು ಪೂರ್ತಿ ವಾಕ್ಯ ಆಡುತ್ತಿದ್ದ. ಬರೀ 400 ಮೀಟರ್! ನನಗೆ ನಂಬಲಾಗಲಿಲ್ಲ. ಬೆಳಕು ಹರಿದ ಮೇಲೆ ಕುದುರೆ ಮಾಡಿಕೊಂಡು ಇಳಿಯುತ್ತ, ಸಂಜೆಗೆ ಮನಾಂಗ್‌ನಲ್ಲಿರುವ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾ ಕೇಂದ್ರ ಸೇರಿದೆವು. ಆಕ್ಸಿಜನ್, ನಿಫೆಡಿಪಿನ್ ಮಾತ್ರೆ, ಬೆಚ್ಚಗೆ ವಿಶ್ರಾಂತಿ. ವೈದ್ಯರು ಹೇಳಿದ ಹೆಸರು ಹೇಪ್, ಅಂದರೆ ಎತ್ತರದಿಂದ ಶ್ವಾಸಕೋಶದಲ್ಲಿ ನೀರು ತುಂಬುವುದು. ಅದಕ್ಕೂ ದೇಹದಾರ್ಢ್ಯಕ್ಕೂ ಸಂಬಂಧವಿಲ್ಲ, ಗಟ್ಟಿ ಕಾಲಿನವರು ಬೇಗ ಬೇಗ ಮೇಲೇರಿ ಇನ್ನಷ್ಟು ಸಿಕ್ಕಿಹಾಕಿಕೊಳ್ಳುತ್ತಾರೆ ಅಂದರು. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚಂತೆ. ಇನ್ನೊಂದು ಬಗೆ ಮಿದುಳು ಊದಿಕೊಳ್ಳುವುದು. ಅದರಲ್ಲಿ ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿ, ಆಗದಿದ್ದರೆ ಆ ಕ್ಷಣವೇ ಇಳಿಸಬೇಕು, ಒಬ್ಬರನ್ನೇ ಕಳಿಸಬಾರದು.

ಆ ಕೇಂದ್ರದಲ್ಲಿ ಸೀಸನ್ ಇದ್ದಾಗ ದಿನಾ ಮಧ್ಯಾಹ್ನ ಮೂರಕ್ಕೆ ಎತ್ತರದ ಕಾಯಿಲೆಯ ಬಗ್ಗೆ ಉಚಿತವಾಗಿ ತಿಳಿಸಿ ಹೇಳುತ್ತಾರೆ. ಮೊದಲ ಸಲ ಮನಾಂಗ್‌ಗೆ ಬಂದಾಗ ನಮ್ಮ ಜೀಪು ಮುಟ್ಟಿದ್ದು ಕತ್ತಲಾದ ಮೇಲೆ, ಹೊರಟಿದ್ದು ಮರುದಿನ ಏಳಕ್ಕೆ. ಅಂದರೆ ನಮ್ಮ ವೇಳಾಪಟ್ಟಿಯಲ್ಲಿ ಆ ಒಂದು ಗಂಟೆಗೂ ಜಾಗವಿರಲಿಲ್ಲ.

ಡಯಾಮಾಕ್ಸ್ ತಗೊಂಡಿದ್ದಿರಾ ಅಂತ ಬಹಳ ಜನ ಕೇಳುತ್ತಾರೆ. ತಗೊಂಡಿದ್ದೆವು, ಯಾಕ್ ಖರ್ಕದಲ್ಲಿ, ಅದೂ ಯಾರೋ ಹೇಳಿದರು ಅಂತ. ಅದು ದೇಹ ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಮಾತ್ರೆ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಏರುವುದಕ್ಕೆ ಒಂದು ದಿನ ಮೊದಲೇ ಶುರು ಮಾಡಿಸುತ್ತಾರೆ. ಸಲ್ಫಾ ಅಲರ್ಜಿ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಅದನ್ನು ನುಂಗಿದ ಧೈರ್ಯದಲ್ಲಿ ರಾತ್ರಿಗಳನ್ನು ಕಡಿಮೆ ಮಾಡುವ ಹಾಗಂತೂ ಇಲ್ಲವೇ ಇಲ್ಲ.

ವಿಮೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಹೆಲಿಕಾಪ್ಟರ್ ರಾತ್ರಿ ಬರುವುದಿಲ್ಲ, ಮೋಡವಿದ್ದರೆ ಹಗಲೂ ಬರುವುದಿಲ್ಲ, ದುಡ್ಡು ಯಾರು ಕೊಡುತ್ತಾರೆ ಅನ್ನುವುದು ಖಾತ್ರಿಯಾಗದೆ ಮೇಲೇಳುವುದೂ ಇಲ್ಲ. ನಮ್ಮ ಪ್ರವಾಸ ವಿಮೆಯ ಸಣ್ಣ ಅಕ್ಷರಗಳಲ್ಲಿ 4000 ಮೀಟರ್ ಮೇಲಿನ ಚಾರಣಕ್ಕೆ ರಕ್ಷಣೆ ಇಲ್ಲ ಅಂತಿತ್ತು, ನಾನು ಅದನ್ನು ಓದಿದ್ದು ಫೇದಿಯ ಅಡುಗೆಮನೆಯಲ್ಲಿ ಕೂತು. ನೀವು ಹೋಗುವ ಪಾಸ್ ಎಷ್ಟು ಎತ್ತರವೋ ಅದಕ್ಕಿಂತ ಮೇಲಿನ ಮಿತಿ, ಹೆಲಿಕಾಪ್ಟರ್ ರಕ್ಷಣೆ ಎರಡೂ ಪಾಲಿಸಿಯಲ್ಲಿ ಬರಹದಲ್ಲಿರಲಿ.

ಹವಾಮಾನಕ್ಕೂ ಇದೇ ಮಾತು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತ ಎರಡೇ ದಿನದಲ್ಲಿ ಈ ಬೆಟ್ಟಗಳಲ್ಲಿ ಹಿಮವಾಗಿ ಸುರಿದು, ಥೊರಾಂಗ್ ಲಾ ಮತ್ತು ಸುತ್ತಲಿನ ಪ್ರದೇಶದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ನಿಂದ ನಮ್ಮ ಕರ್ನಾಟಕದ ಒಂಬತ್ತು ಮಂದಿ ವಾಪಸ್ ಬರಲಿಲ್ಲ, ಹಿಮಗಾಳಿಗೆ ಸಿಕ್ಕಿ. ಆ ಸುದ್ದಿ ಓದಿ ಕಣ್ಣೀರು ಹಾಕಿದವನೇ ಮುಂದೆ ಒಂದು ದಿನವೂ ಹೆಚ್ಚುವರಿ ಇಲ್ಲದ ಟಿಕೆಟ್ ಬುಕ್ ಮಾಡಿದೆ ಅನ್ನುವುದು ನನಗೆ ಇವತ್ತಿಗೂ ನೋವು. ಹಿಮ ಬಿದ್ದರೆ ಕೂತು ಕಾಯಲು ಎರಡು ದಿನ ಕೈಯಲ್ಲಿರಬೇಕು. ಇಲ್ಲದಿದ್ದರೆ ತೀರ್ಮಾನ ಮಾಡುವವರು ನೀವಾಗಿರುವುದಿಲ್ಲ, ವಿಮಾನದ ಟಿಕೆಟ್ ಆಗಿರುತ್ತದೆ.

ಮುಕ್ತಿನಾಥಕ್ಕೆ ಯಾತ್ರೆ ಹೋಗುವ ಹಿರಿಯರಿಗೂ ಒಂದು ಮಾತು. ನೀವು ಪಾಸ್ ದಾಟಬೇಕಿಲ್ಲ, ಪೋಖರಾ ಕಡೆಯಿಂದ ಜೋಮ್‌ಸೋಮ್ ಮೂಲಕ ಹೋಗುತ್ತೀರಿ, ನಿಜ. ಆದರೆ 800 ಮೀಟರ್‌ನ ಪೋಖರಾದಲ್ಲಿ ಬೆಳಿಗ್ಗೆ ವಿಮಾನ ಹತ್ತಿ ಅವತ್ತೇ 3800 ಮೀಟರ್‌ನ ದೇವಸ್ಥಾನದ ಮೆಟ್ಟಿಲು ಹತ್ತಿದರೆ ದೇಹಕ್ಕೆ ಅದೂ ಹೊರೆಯೇ. ರಾತ್ರಿ ಜೋಮ್‌ಸೋಮ್‌ನಲ್ಲಿ ತಂಗಿ, ದರ್ಶನ ಮುಗಿದೊಡನೆ ಕೆಳಗಿಳಿಯಿರಿ, ಎದೆ ಹಿಡಿದರೆ ಅಥವಾ ಉಸಿರು ಕಟ್ಟಿದರೆ ಸಂಕೋಚ ಮಾಡದೆ ಮಕ್ಕಳಿಗೆ ಹೇಳಿ.

ಊರಿಗೆ ಬಂದ ಮೇಲೆ ಗೈಡ್‌ಗೆ ಫೋನು ಮಾಡಿದ್ದೆ. ಪಾಸ್ ದಾಟಿಸದೆ ಹಿಂದೆ ಬಂದದ್ದಕ್ಕೆ ಕಂಪನಿ ಅವನ ಎರಡು ದಿನದ ಕೂಲಿ ಹಿಡಿದಿತ್ತು. ಯಾಕ್ ಖರ್ಕದಲ್ಲಿ ಅವನ ದನಿ ಯಾಕೆ ಅಷ್ಟು ತಗ್ಗಿತ್ತು ಅನ್ನುವುದು ನನಗೆ ಆಗ ತಿಳಿಯಿತು. ಆ ದುಡ್ಡನ್ನೂ ಅದರ ಮೇಲಷ್ಟನ್ನೂ ನಾವು ಕಳಿಸಿದೆವು. ಬುಕ್ ಮಾಡುವಾಗ ಈ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ: ಅರ್ಧ ದಾರಿಯಿಂದ ವಾಪಸ್ ಬಂದರೆ ಗೈಡ್‌ಗೆ, ಪೋರ್ಟರ್‌ಗೆ ಪೂರ್ತಿ ಸಂಬಳ ಸಿಗುತ್ತದೆಯೇ? ತಡವರಿಸಿದರೆ ಆ ಕಂಪನಿಯ ಜೊತೆ ಹೋಗಬೇಡಿ.