ಕಾರ್ಬನ್ ಕ್ರೆಡಿಟ್ ಕೊಳ್ಳುವವರೇ, ಪಿಡಿಎಫ್ ನಂಬಿ ದುಡ್ಡು ಕಟ್ಟಬೇಡಿ

5,000 ಟನ್ ಹೊರಸೂಸುವಿಕೆ ಸರಿದೂಗಿಸಲು ಕಂಪನಿಯೊಂದು ಬ್ರೋಕರ್ ಮೂಲಕ ಕಾರ್ಬನ್ ಕ್ರೆಡಿಟ್, ಅಂದರೆ ಬೇರೆ ಕಡೆ ಯಾರೋ ಹೊರಸೂಸುವಿಕೆ ತಗ್ಗಿಸಿದ್ದರ ಲೆಕ್ಕದ ಚೀಟಿ, ಕೊಂಡಿತು. ದುಡ್ಡು ಹೋಯಿತು, ಚೆಂದದೊಂದು ಪಿಡಿಎಫ್ ಬಂತು: ಕಾಡಿನ ಫೋಟೊ, ಮೊಹರು, ಸಹಿ, ಅಡಿಯಲ್ಲಿ ಸಣ್ಣಕ್ಷರದ ಸೀರಿಯಲ್ ನಂಬರ್. ವಾರ್ಷಿಕ ವರದಿಯಲ್ಲಿ ‘ಕಾರ್ಬನ್ ನ್ಯೂಟ್ರಲ್’ ಎಂದು ಅಚ್ಚೂ ಆಯಿತು. ಆಮೇಲೆ ಲೆಕ್ಕಪರಿಶೋಧಕರು ಆ ನಂಬರನ್ನು ರಿಜಿಸ್ಟ್ರಿಯಲ್ಲಿ, ಅಂದರೆ ಕ್ರೆಡಿಟ್‌ಗಳ ಲೆಕ್ಕ ಇಡುವ ಆನ್‌ಲೈನ್ ದಾಖಲೆಯಲ್ಲಿ, ಹುಡುಕಿದರೆ, ಅದೇ ಕ್ರೆಡಿಟ್‌ಗಳು ಈ ಮಾರಾಟಕ್ಕೂ ಮೊದಲೇ ಬೇರೆ ಯಾರದೋ ಹೆಸರಲ್ಲಿ ರಿಟೈರ್ ಆಗಿದ್ದವು, ಅಂದರೆ ಬಳಸಿ ಮುಗಿದಿದ್ದವು. ಬ್ರೋಕರ್‌ನನ್ನು ಕೇಳಿದರೆ “ಟೈಪಿಂಗ್ ತಪ್ಪು, ಬೇರೆ ಕೊಡ್ತೀವಿ” ಎಂದ. ಬದಲಿಗೆ ಬಂದದ್ದು ಎಷ್ಟೋ ವರ್ಷ ಹಳೆಯ ಪವನ ವಿದ್ಯುತ್ ಕ್ರೆಡಿಟ್, ಈಗ ಯಾರೂ ಮೂಸಿ ನೋಡದ ಸರಕು. ಒಪ್ಪಂದದಲ್ಲಿ ಇದ್ದದ್ದು “5,000 ಕ್ರೆಡಿಟ್ ಪೂರೈಸಲಾಗುವುದು” ಎಂಬ ಒಂದೇ ಸಾಲು. ಹಾಗಾಗಿ ಜಗಳ ಆಡಲೂ ಆಧಾರ ಇರಲಿಲ್ಲ.

ಬಳಸಿದ ಕ್ರೆಡಿಟ್ ಮತ್ತೆ ಮಾರಾಟವಾಗುವುದು ಹೊಸದೂ ಅಲ್ಲ, ಚಿಲ್ಲರೆ ದಲ್ಲಾಳಿಗಳಿಗೆ ಮೀಸಲೂ ಅಲ್ಲ. 2010ರಲ್ಲಿ ಹಂಗೇರಿಯ ಕಂಪನಿಗಳು ಸರ್ಕಾರಕ್ಕೆ ಒಪ್ಪಿಸಿ ಲೆಕ್ಕ ಮುಗಿಸಿದ್ದ ಸುಮಾರು 20 ಲಕ್ಷ ಸಿಇಆರ್‌ಗಳನ್ನು (ಕ್ಯೋಟೊ ಒಪ್ಪಂದದಡಿಯ ಕ್ರೆಡಿಟ್‌ಗಳನ್ನು) ಅಲ್ಲಿನ ಸರ್ಕಾರವೇ ಹೊರಗೆ ಮಾರಿತು. ಅವುಗಳಲ್ಲಿ ಕೆಲವು ತಿರುಗಿ ಯುರೋಪಿನ ಮಾರುಕಟ್ಟೆಗೇ ಬಂದವು. ಪ್ಯಾರಿಸ್‌ನ ಬ್ಲೂನೆಕ್ಸ್ಟ್ ವಿನಿಮಯ ಕೇಂದ್ರ ಸಿಇಆರ್ ವಹಿವಾಟನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಒಂದು ಕ್ರೆಡಿಟ್ ಎಂದರೆ ಗಾಳಿಗೆ ಸೇರದಂತೆ ತಡೆದ ಅಥವಾ ಗಾಳಿಯಿಂದ ತೆಗೆದ ಒಂದು ಟನ್ ಇಂಗಾಲದ ಡೈಆಕ್ಸೈಡ್ ಅಥವಾ ಅದಕ್ಕೆ ಸಮನಾದ ಬೇರೆ ಅನಿಲ. ರಿಟೈರ್ ಆಗುವವರೆಗೆ ಅದು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ರಿಟೈರ್ ಆದ ಮೇಲೆ ಅದು ಪಂಚ್ ಮಾಡಿದ ಟಿಕೆಟ್. ಪಂಚ್ ಆಗಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ರಿಜಿಸ್ಟ್ರಿಯಲ್ಲಿ ಮಾತ್ರ. ಕ್ರೆಡಿಟ್ ಕೊಡುವ ದೊಡ್ಡ ಸಂಸ್ಥೆಗಳಾದ ವೆರ್ರಾ, ಗೋಲ್ಡ್ ಸ್ಟ್ಯಾಂಡರ್ಡ್ ಎರಡರ ದಾಖಲೆಯನ್ನೂ ಖಾತೆ ಇಲ್ಲದೆಯೇ ಯಾರು ಬೇಕಾದರೂ ನೋಡಬಹುದು. ಪಿಡಿಎಫ್‌ನಲ್ಲಿರುವ ಲಿಂಕ್ ಒತ್ತಬೇಡಿ, ಅದು ನಕಲಿ ಪುಟಕ್ಕೂ ಒಯ್ಯಬಹುದು. ರಿಜಿಸ್ಟ್ರಿಯ ವಿಳಾಸ ನೀವೇ ಟೈಪ್ ಮಾಡಿ, ಯೋಜನೆಯ ಸಂಖ್ಯೆ ಹಾಕಿ, ರಿಟೈರ್ ಆದವುಗಳ ಪಟ್ಟಿ ತೆರೆಯಿರಿ. ಫಲಾನುಭವಿ ಎಂಬ ಕಡೆ ನಿಮ್ಮ ಹೆಸರಿರಬೇಕು, ದಿನಾಂಕ ನೀವು ಕೊಂಡ ಮೇಲಿನದಾಗಿರಬೇಕು. ಬ್ರೋಕರ್‌ನ ಹೆಸರು ಮಾತ್ರ ಇದ್ದರೆ ಒಪ್ಪಬೇಡಿ. ಅದೇ ಸಾಲನ್ನು ಆತ ಹತ್ತು ಜನಕ್ಕೆ ತೋರಿಸಿದರೂ ಹಿಡಿಯುವುದು ಕಷ್ಟ.

ಸೀರಿಯಲ್ ನಂಬರನ್ನೂ ಓದಲು ಕಲಿಯಿರಿ. ಉದ್ದನೆಯ ಆ ಸಾಲಿನಲ್ಲಿ ಬ್ಲಾಕ್‌ನ ಮೊದಲ ಮತ್ತು ಕೊನೆಯ ಸಂಖ್ಯೆ ಇರುತ್ತದೆ. 40,001ರಿಂದ 45,000 ಎಂದಿದ್ದರೆ ಕೊನೆಯದರಿಂದ ಮೊದಲನೆಯದನ್ನು ಕಳೆದು ಒಂದು ಕೂಡಿಸಿ: 5,000. ಪಿಡಿಎಫ್‌ನಲ್ಲಿ 5,000 ಎಂದು ದಪ್ಪಕ್ಷರದಲ್ಲಿದ್ದು ಬ್ಲಾಕ್ ಲೆಕ್ಕ 1,200ಕ್ಕೇ ನಿಂತರೆ ಉಳಿದದ್ದು ಎಲ್ಲಿ ಎಂದು ಅಲ್ಲೇ ಕೇಳಿ. ವೆರ್ರಾ ನಂಬರಿನಲ್ಲಿ ದೇಶದ ಸಂಕೇತ, ಯೋಜನೆಯ ಸಂಖ್ಯೆ, ಇಳಿಕೆ ನಡೆದ ಅವಧಿಯ ತಾರೀಖುಗಳೂ ಇರುತ್ತವೆ. ‘ಹೊಸ ವಿಂಟೇಜ್’ (ವಿಂಟೇಜ್ ಎಂದರೆ ಇಳಿಕೆ ನಡೆದ ವರ್ಷ) ಎಂದು ಮಾರಿದ ಸರಕು 2012ರದ್ದು ಎಂದು ಬಯಲಾಗುವುದು ಇಲ್ಲೇ.

ಇಷ್ಟೆಲ್ಲ ಸರಿ ಇದ್ದರೂ ಕ್ರೆಡಿಟ್ ಪೊಳ್ಳಾಗಿರಬಹುದು. ಕಾಗದ ಅಸಲಿಯಾದ ಮಾತ್ರಕ್ಕೆ ಅದರ ಹಿಂದಿನ ಟನ್ನೂ ಅಸಲಿ ಆಗಬೇಕೆಂದಿಲ್ಲ. ಸುಧಾರಿತ ಒಲೆ ಹಂಚುವ ಯೋಜನೆಯನ್ನೇ ತೆಗೆದುಕೊಳ್ಳಿ. ಉಳಿತಾಯವಾದ ಸೌದೆಯ ತೂಕವನ್ನು, ಮರುಬೆಳೆಯದ ಸೌದೆಯ ಪಾಲು ಮತ್ತು ಒಂದು ಟನ್ ಸೌದೆ ಉಗುಳುವ ಅನಿಲದಿಂದ ಗುಣಿಸಿ ಕ್ರೆಡಿಟ್ ಲೆಕ್ಕ ಹಾಕುತ್ತಾರೆ. ಮರುಬೆಳೆಯದ ಪಾಲನ್ನು 30 ಶೇಕಡ ಹಿಡಿಯುವ ಕಡೆ 90 ಹಿಡಿದರೆ ಕ್ರೆಡಿಟ್ ಮೂರು ಪಟ್ಟು. ಹೊಸ ಒಲೆ ಬಂದ ಮೇಲೂ ಮನೆಯವರು ಹಳೇ ಒಲೆ ಹಚ್ಚುವುದನ್ನು ಲೆಕ್ಕಕ್ಕೆ ತಾರದಿದ್ದರೆ ಇನ್ನಷ್ಟು. 2024ರ ಜನವರಿಯಲ್ಲಿ ನೇಚರ್ ಸಸ್ಟೈನಬಿಲಿಟಿ ಪತ್ರಿಕೆಯಲ್ಲಿ ಬಂದ ಅಧ್ಯಯನ, ತಾನು ಪರಿಶೀಲಿಸಿದ ಒಲೆ ಯೋಜನೆಗಳಲ್ಲಿ ಒಟ್ಟಾರೆ ಒಂಬತ್ತು ಪಟ್ಟು ಉಬ್ಬಿಸಿದ ಲೆಕ್ಕ ಕಂಡಿತು. ಆದ್ದರಿಂದ ಯೋಜನೆಯ ದಾಖಲೆಯಲ್ಲಿ ಆ ಒಂದು ಅಂಕಿ ಎಷ್ಟಿದೆ, ಎಲ್ಲಿಂದ ಬಂತು ಎಂದು ಮೊದಲು ನೋಡಿ.

ಕಾಡು ಉಳಿಸುವ ಯೋಜನೆಗಳಲ್ಲಿ ಇದೇ ಆಟ ಬೇಸ್‌ಲೈನ್‌ನಲ್ಲಿ ನಡೆಯುತ್ತದೆ: ಯೋಜನೆ ಇಲ್ಲದಿದ್ದರೆ ಎಷ್ಟು ಮರ ಬೀಳುತ್ತಿತ್ತು ಎಂಬ ಊಹೆ ದೊಡ್ಡದಾದಷ್ಟೂ ಕ್ರೆಡಿಟ್ ಜಾಸ್ತಿ. ಹಳೇ ಪವನ ವಿದ್ಯುತ್ ಸರಕನ್ನು ಯಾರೂ ಮೂಸದಿರುವ ಕಾರಣ ಬೇರೆ. ಕ್ರೆಡಿಟ್ ದುಡ್ಡಿಲ್ಲದೆಯೂ ಆ ಗಾಳಿಯಂತ್ರ ಎದ್ದು ನಿಲ್ಲುತ್ತಿತ್ತು ಎಂಬ ಸಂಶಯ. 2024ರ ಆಗಸ್ಟ್‌ನಲ್ಲಿ ಐಸಿವಿಸಿಎಂ ಎಂಬ ಗುಣಮಟ್ಟ ಮಂಡಳಿ, ಆಗ ಚಾಲ್ತಿಯಲ್ಲಿದ್ದ ನವೀಕರಿಸಬಹುದಾದ ವಿದ್ಯುತ್ತಿನ ಕ್ರೆಡಿಟ್ ಲೆಕ್ಕದ ವಿಧಾನಗಳಿಗೆ ತನ್ನ ಮುದ್ರೆ ಸಿಗದು ಎಂದು ಹೇಳಿದ್ದೂ ಇದಕ್ಕೇ.

ಇನ್ನೊಂದು ಕಡೆಯೂ ಜನ ಕೈ ಸುಟ್ಟುಕೊಳ್ಳುತ್ತಾರೆ. ಆಫ್‌ಸೆಟ್ (ಇಲ್ಲಿವರೆಗೆ ಹೇಳಿದ ಕ್ರೆಡಿಟ್) ಬೇರೆ, ಇಷ್ಟು ಟನ್ ಹೊರಸೂಸಬಹುದು ಎಂದು ಅನುಮತಿ ಕೊಡುವ, ಹೊರಸೂಸುವಿಕೆ ವ್ಯಾಪಾರದ ಪರವಾನಗಿ ಬೇರೆ. ಯುರೋಪಿನ ಹೊರಸೂಸುವಿಕೆ ವ್ಯಾಪಾರ ವ್ಯವಸ್ಥೆಯಾದ ಇಟಿಎಸ್ ಅಡಿ ಬರುವ ಕಾರ್ಖಾನೆ 2021ರಿಂದೀಚೆಗೆ ಅಂತರರಾಷ್ಟ್ರೀಯ ಕ್ರೆಡಿಟ್ ಕೊಟ್ಟು ಲೆಕ್ಕ ಚುಕ್ತಾ ಮಾಡುವಂತಿಲ್ಲ. “ಇದು ಅಲ್ಲೂ ನಡೆಯುತ್ತೆ” ಎನ್ನುವ ಬ್ರೋಕರ್‌ನನ್ನು ನಂಬಿ ಪರವಾನಗಿ ಒಪ್ಪಿಸದೆ ಕೂತರೆ ಟನ್ನಿಗೆ 100 ಯೂರೋಗೂ ಮೀರಿದ ದಂಡ. ದಂಡ ಕಟ್ಟಿದ ಮೇಲೂ ಬಾಕಿ ಪರವಾನಗಿ ಒಪ್ಪಿಸಲೇಬೇಕು.

ಒಪ್ಪಂದದಲ್ಲಿ ಯೋಜನೆಯ ಸಂಖ್ಯೆ, ವಿಂಟೇಜ್ ವರ್ಷ, ನಿಮ್ಮ ಹೆಸರಲ್ಲಿ ರಿಟೈರ್ ಮಾಡಬೇಕಾದ ಗಡುವು, ಬದಲಿ ಸರಕಿಗೆ ನಿಮ್ಮ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು ಇರಲಿ. ಹಣದ ಕೊನೆಯ ಕಂತು ರಿಜಿಸ್ಟ್ರಿಯಲ್ಲಿ ಹೆಸರು ಕಂಡ ಮೇಲೆಯೇ. ಈಗಾಗಲೇ ಕೊಂಡಿದ್ದರೆ ಸೀರಿಯಲ್ ನಂಬರ್ ಇವತ್ತೇ ಹುಡುಕಿ. ತಾಳೆಯಾಗದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ದಿನಾಂಕ ಸಮೇತ ಇಟ್ಟುಕೊಂಡು, ಬ್ರೋಕರ್‌ಗೆ ಫೋನ್ ಮಾಡುವುದಕ್ಕಿಂತ ಮುಂಚೆ ರಿಜಿಸ್ಟ್ರಿಗೇ ಬರೆದು ದೂರು ಕೊಡಿ.