ಮಾಸ್ಟ್ ಕೋಶ ಕಾಯಿಲೆಗೆ ಕಿಟ್ ವಂಶವಾಹಿ ಪರೀಕ್ಷೆ: ಎರಡು ಪ್ರಯೋಗಾಲಯಗಳ ಅನುಭವ

ಮೈಮೇಲೆ ಉಜ್ಜಿದರೆ ಉಬ್ಬುವ ಕಂದು ಮಚ್ಚೆಗಳು, ಆಗಾಗ ಮುಖ ಕೆಂಪೇರುವುದು, ಎರಡು ಸಲ ರಕ್ತದೊತ್ತಡ ಕುಸಿದು ಎಚ್ಚರ ತಪ್ಪಿದ್ದು, ಇವುಗಳ ಮೂಲ ಹುಡುಕುತ್ತಿದ್ದಾಗ ಮಾಸ್ಟ್ ಕೋಶಗಳು (ಅಲರ್ಜಿಯಲ್ಲಿ ಪಾತ್ರ ವಹಿಸುವ ರೋಗನಿರೋಧಕ ಕೋಶಗಳು) ಬಿಡುಗಡೆ ಮಾಡುವ ಟ್ರಿಪ್ಟೇಸ್ ಎಂಬ ಕಿಣ್ವದ ಮಟ್ಟ ನನ್ನ ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿರುವುದು ತಿಳಿಯಿತು. ಈ ಕೋಶಗಳು ಅತಿಯಾಗಿ ಹೆಚ್ಚಿ ಅಂಗಾಂಗಗಳಲ್ಲಿ ಸೇರಿಕೊಳ್ಳುವ ದೇಹವ್ಯಾಪಿ ಮಾಸ್ಟೊಸೈಟೋಸಿಸ್ ಕಾಯಿಲೆ ಇರುವ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ಕಿಟ್ ಎಂಬ ವಂಶವಾಹಿಯ ಒಂದು ತಾಣದಲ್ಲಾಗುವ ಡಿ816ವಿ ಎಂಬ ರೂಪಾಂತರ ಕಾಣುವುದರಿಂದ, ರಕ್ತರೋಗ ತಜ್ಞರು ಅದರ ಪರೀಕ್ಷೆಗೆ ಬರೆದುಕೊಟ್ಟರು.

ಮೊದಲ ಪ್ರಯೋಗಾಲಯದ ಸೇವೆ ಸೌಜನ್ಯದಿಂದ ಕೂಡಿತ್ತು, ವರದಿಯೂ ಹೇಳಿದ ದಿನಕ್ಕೇ ಬಂದಿತು. ಆದರೆ ಅದರಲ್ಲಿದ್ದದ್ದು ‘ರೂಪಾಂತರ ಕಂಡುಬಂದಿಲ್ಲ’ ಎಂಬ ಒಂದೇ ಸಾಲು. ಹಲವು ವಂಶವಾಹಿಗಳನ್ನು ಒಟ್ಟಿಗೆ ಓದುವ ಸೀಕ್ವೆನ್ಸಿಂಗ್ ವಿಧಾನ ಬಳಸಿದ್ದಾರೆಂಬುದು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿತ್ತು. ಎಷ್ಟು ಕಡಿಮೆ ಪ್ರಮಾಣದವರೆಗೆ ಆ ವಿಧಾನ ರೂಪಾಂತರವನ್ನು ಗುರುತಿಸಬಲ್ಲದು ಎಂಬುದು ಎಲ್ಲಿಯೂ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಗಂಭೀರ ಲೋಪ. ಈ ಕಾಯಿಲೆಯಲ್ಲಿ ರೂಪಾಂತರಗೊಂಡ ಕೋಶಗಳು ಮುಖ್ಯವಾಗಿ ಮೂಳೆಮಜ್ಜೆಯಲ್ಲಿರುತ್ತವೆ, ರಕ್ತದಲ್ಲಿ ಅವುಗಳ ಪಾಲು ಶೇಕಡ ಒಂದಕ್ಕಿಂತ ಬಹಳ ಕಡಿಮೆ ಇರಬಹುದು. ಸಾಮಾನ್ಯ ಸೀಕ್ವೆನ್ಸಿಂಗ್ ರೂಪಾಂತರದ ಪಾಲು ಶೇಕಡ ಒಂದೆರಡರಷ್ಟಾದರೂ ಇದ್ದರೆ ಮಾತ್ರ ನಂಬುವಂತೆ ಹಿಡಿಯುತ್ತದೆ. ವಂಶವಾಹಿಯ ತುಣುಕನ್ನು ಹಲವು ಪಟ್ಟು ನಕಲು ಮಾಡಿ ಇದೊಂದೇ ರೂಪಾಂತರವನ್ನು ಹುಡುಕುವ ಪಿಸಿಆರ್ ವಿಧಾನ ಶೇ. 0.01ರ ಆಸುಪಾಸಿನವರೆಗೂ ಇಳಿಯಬಲ್ಲದು. ಮಿತಿಯನ್ನು ನಮೂದಿಸದ ‘ಇಲ್ಲ’ ಎಂಬ ಉತ್ತರವನ್ನು ನಂಬಿ ನಾನು ಕೆಲವು ವಾರ ಬೇರೆ ಕಾಯಿಲೆಗಳ ಬೆನ್ನು ಹತ್ತಿದೆ, ಆ ವಾರಗಳ ಆತಂಕ ಇನ್ನೂ ಮರೆತಿಲ್ಲ.

ಎರಡನೆಯ ಪ್ರಯೋಗಾಲಯದವರು ಮಾದರಿ ಪಡೆಯುವ ಮೊದಲೇ ಟ್ರಿಪ್ಟೇಸ್ ಮಟ್ಟ, ಚರ್ಮದ ಲಕ್ಷಣಗಳು ಮತ್ತು ಹಿಂದಿನ ವರದಿಯನ್ನು ಕೇಳಿ ಪಡೆದರು. ಅವರ ವರದಿಯಲ್ಲಿ ರೂಪಾಂತರ ಇದೆ ಎಂಬುದರ ಜೊತೆಗೆ ಅದರ ಪ್ರಮಾಣ ಶೇ. 0.08 ಎಂದೂ, ವಿಧಾನದ ಹೆಸರು ಮತ್ತು ಪತ್ತೆಯ ಮಿತಿಯೂ ಮೊದಲ ಪುಟದಲ್ಲೇ ಇದ್ದವು. ಕೊರತೆಯೆಂದರೆ ವಿವರಣೆಯದು: ಇದು ಸಾಮಾನ್ಯವಾಗಿ ಹುಟ್ಟಿನ ನಂತರ ಕೋಶಗಳಲ್ಲಿ ಮೂಡುವ ಬದಲಾವಣೆಯೇ ಹೊರತು ಮಕ್ಕಳಿಗೆ ದಾಟುವಂಥದ್ದಲ್ಲ ಎಂಬ, ಯಾವ ಪೋಷಕರೂ ಮೊದಲು ಕೇಳುವ ಸಂಗತಿಯನ್ನು ನಾನಾಗಿ ದೂರವಾಣಿ ಮಾಡಿ ತಿಳಿಯಬೇಕಾಯಿತು.

ಈ ಫಲಿತಾಂಶವೊಂದರಿಂದಲೇ ರೋಗನಿರ್ಣಯ ಪೂರ್ಣವಾಗುವುದಿಲ್ಲ. ನನಗೂ ಮೂಳೆಮಜ್ಜೆಯ ಬಯಾಪ್ಸಿ ಆಗಲೇಬೇಕಾಯಿತು. ಆದರೂ ಚಿಕಿತ್ಸೆಯ ದಾರಿ ಇದರ ಮೇಲೆ ನಿಂತಿರುವುದರಿಂದ ನಿಖರತೆ ಮುಖ್ಯ: ಡಿ816ವಿ ಇದ್ದರೆ ಇಮ್ಯಾಟಿನಿಬ್ ಎಂಬ ಔಷಧಿ ಕೆಲಸ ಮಾಡುವುದಿಲ್ಲ, ಅವಾಪ್ರಿಟಿನಿಬ್‌ನಂಥ ಔಷಧಿಗಳು ಅದನ್ನೇ ಗುರಿಯಾಗಿಸುತ್ತವೆ. ಮಕ್ಕಳ ವಿಷಯ ಬೇರೆ, ಅವರಲ್ಲಿ ಅದೇ ವಂಶವಾಹಿಯ ಇತರ ಭಾಗಗಳಲ್ಲಿಯೂ ಬದಲಾವಣೆಗಳಿರುವುದರಿಂದ ಒಂದೇ ತಾಣವನ್ನು ನೋಡುವ ಪರೀಕ್ಷೆ ಸಾಲದೆ ಹೋಗಬಹುದು.

ಪತ್ತೆಯ ಮಿತಿಯನ್ನು ವರದಿಯಲ್ಲಿ ಮುದ್ರಿಸಬೇಕೆಂದು ಮೊದಲ ಪ್ರಯೋಗಾಲಯಕ್ಕೆ ಪತ್ರ ಬರೆದಿದ್ದೇನೆ, ಪರಿಶೀಲಿಸುವುದಾಗಿ ಉತ್ತರಿಸಿದ್ದಾರೆ. ಅದು ಜಾರಿಗೆ ಬರುವವರೆಗೆ ಈ ಪರೀಕ್ಷೆಗೆ ಅಲ್ಲಿಗೆ ಹೋಗಲು ನಾನು ಯಾರಿಗೂ ಹೇಳಲಾರೆ. ರಕ್ತ ಕೊಡುವ ಮುನ್ನ ಯಾವ ವಿಧಾನ, ಎಷ್ಟು ಮಿತಿ ಎಂಬೆರಡನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.