ಲೇಸರ್ ಯಂತ್ರ ಚೆನ್ನಾಗಿದೆ, 680ರ ಡಬ್ಬಿ ನೋಡಿಕೊಳ್ಳಿ

ಸಮುದಾಯ ಹ್ಯಾಕರ್‌ಸ್ಪೇಸ್, ಅಂದರೆ ಹತ್ತಾರು ಜನ ಹಣ ಹಾಕಿ ಉಪಕರಣಗಳನ್ನು ಹಂಚಿಕೊಂಡು ಬಳಸುವ ಕಾರ್ಯಾಗಾರ, ಒಂದರ ಸದಸ್ಯನಾಗಿ ನನಗೆ ಇದು ನಾಲ್ಕನೆಯ ವರ್ಷ. ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಟ್ಟುಬಿಡುತ್ತಿದ್ದೆ. ಎರಡನೆಯ ವರ್ಷದ ಕೊನೆಯಲ್ಲಿ ಬರೆದಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ. ಈಗ ಕೋಪ ಆರಿದೆ, ಆದರೆ ಯಾವುದನ್ನೂ ಮರೆತಿಲ್ಲ. ಬರೆಯಲು ಇದೇ ಸರಿಯಾದ ಹೊತ್ತು.

ಅಲ್ಲಿರುವ ಲೇಸರ್ ಎಷ್ಟು ವಾಟಿನದು, ತ್ರಿ-ಡಿ ಪ್ರಿಂಟರಿನ ಹಾಸು ಎಷ್ಟು ಅಗಲ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಇಂಥ ಜಾಗಕ್ಕೆ ಸೇರಬೇಕೆಂದು ಯೋಚಿಸುತ್ತಿರುವವರು ಆ ಪಟ್ಟಿಯನ್ನು ಆಗಲೇ ಬಾಯಿಪಾಠ ಮಾಡಿರುತ್ತಾರೆ. ನಾನೂ ಮಾಡಿದ್ದೆ. ಪಟ್ಟಿಯಲ್ಲಿದ್ದ ಯಾವ ಯಂತ್ರವೂ ನನಗೆ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದೆಲ್ಲ ಪಟ್ಟಿಯಲ್ಲಿ ಸೇರದಷ್ಟು ಸಣ್ಣ ವಸ್ತುಗಳು.

ನನ್ನ ಕೆಲಸವೇನೂ ದೊಡ್ಡದಲ್ಲ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳನ್ನು ರಿಪೇರಿ ಮಾಡುತ್ತೇನೆ, ಆಗೊಮ್ಮೆ ಈಗೊಮ್ಮೆ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಹಾಕಿ ಏನಾದರೂ ಜೋಡಿಸುತ್ತೇನೆ. ಮನೆಯಲ್ಲಿ ಇರುವುದು ಒಂದೇ ಮೇಜು, ಅದರ ಮೇಲೆ ಮಕ್ಕಳ ಪುಸ್ತಕಗಳ ಹಕ್ಕು. ಬೆಸುಗೆಯ ರಾಳದ ಹೊಗೆ ಮನೆಯಲ್ಲಿ ಯಾರಿಗೂ ಹಿಡಿಸುವುದಿಲ್ಲ. ಇನ್ನು ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ನನಗೆ ವರ್ಷದಲ್ಲಿ ಹತ್ತು ಸಲ ಬೇಕಾದೀತು, ಆ ಹತ್ತು ಸಲಕ್ಕಾಗಿ ಅಷ್ಟು ಹಣ ಸುರಿಯುವ ಸ್ಥಿತಿ ನನ್ನದಲ್ಲ. ಹತ್ತಾರು ಜನ ಸೇರಿ ಕೊಂಡ ಆಸಿಲೋಸ್ಕೋಪ್ ಸಂಜೆ ಏಳಕ್ಕೆ ನನಗಾಗಿ ಖಾಲಿ ಇದ್ದರೆ ಸಾಕು. ಇದ್ದೂ ಇದೆ. ಇಷ್ಟಕ್ಕೇ ಸದಸ್ಯತ್ವದ ಹಣ ಹುಟ್ಟುತ್ತದೆ ಎಂಬುದು ನನ್ನ ಲೆಕ್ಕ.

ವಾರಕ್ಕೆ ಎರಡು ಸಂಜೆ ಹೋಗುತ್ತೇನೆ. ಬಾಗಿಲು ತೆರೆದವನು ಮೊದಲು ಮಾಡುವ ಕೆಲಸ ಎಡಗಡೆಯ ಬೆಂಚಿನ ಮೇಲೆ ಬೆಸುಗೆ ಹಾಕಲು ಇರುವ ಸೋಲ್ಡರಿಂಗ್ ಸ್ಟೇಷನ್ನಿನ ಗುಂಡಿ ಒತ್ತುವುದು. ಚೀಲ ಇಳಿಸಿ, ಕನ್ನಡಕ ಒರೆಸಿಕೊಂಡು, ಕಿಟಕಿ ತೆರೆಯುವಷ್ಟರಲ್ಲಿ ಅಂಕಿ 350 ಡಿಗ್ರಿಗೆ ಬಂದು ನಿಂತಿರುತ್ತದೆ. ನಾನು ಬಳಸುವ 63ಕ್ಕೆ 37ರ ತವರ-ಸೀಸದ ತಂತಿ 183 ಡಿಗ್ರಿಗೇ ಕರಗುತ್ತದೆ. ಆದರೂ ತುದಿ ಅಷ್ಟು ಬಿಸಿ ಇದ್ದರೇನೇ ಶಾಖ ಬೇಗ ತಾಮ್ರಕ್ಕೆ ಇಳಿದು, ಬಿಡಿಭಾಗ ಬೇಯುವ ಮುಂಚೆ ಬೆಸುಗೆ ಮುಗಿಯುತ್ತದೆ. ತುದಿಯನ್ನು ಹಿತ್ತಾಳೆ ನಾರಿನ ಉಂಡೆಯೊಳಗೆ ಎರಡು ಸಲ ಚುಚ್ಚಿ ತೆಗೆದು, ತಂತಿಯನ್ನು ಒಂದಿಷ್ಟು ತಾಗಿಸಿದರೆ ಬೆಳ್ಳಿಯ ಹನಿಯೊಂದು ಮೂಡಿ ತುದಿಯನ್ನೆಲ್ಲ ಆವರಿಸುತ್ತದೆ. ಆ ಹೊಳಪು ಕಂಡರೆ ಇಡೀ ಸಂಜೆ ಸರಿಹೋಗುತ್ತದೆ ಎಂದೇ ಅರ್ಥ. ಹೊರಡುವಾಗ ಅದೇ ಕೆಲಸ ಇನ್ನೊಮ್ಮೆ. ತುದಿಗೆ ದಪ್ಪಗೆ ಬೆಸುಗೆ ಹಚ್ಚಿ, ಒರೆಸದೆ, ಹಾಗೆಯೇ ಆರಿಸಬೇಕು. ತಣಿದ ಬೆಸುಗೆ ತುದಿಗೆ ಹೊದಿಕೆಯಾಗಿ ಗಾಳಿ ತಾಗದಂತೆ ಕಾಯುತ್ತದೆ. ನಾಳೆ ಬರುವವರು ಯಾರೋ ಗೊತ್ತಿಲ್ಲ, ಅವರಿಗೆ ಹಾಸಿಗೆ ಹಾಸಿಟ್ಟು ಹೋದ ಹಾಗೆ. ಮೊದಲ ವರ್ಷವೆಲ್ಲ ಈ ಒಂದು ಸುಖದಲ್ಲೇ ಕಳೆದುಹೋಯಿತು.

ದೊಡ್ಡ ಯಂತ್ರಗಳ ವಿಷಯದಲ್ಲಿ ದೂರಿಲ್ಲ. ಲೇಸರ್ ಕಟರ್ ಮುಟ್ಟಬೇಕಾದರೆ ಮೊದಲು ತರಬೇತಿ, ಆಮೇಲೆ ಕೀಲಿ, ಪ್ರತಿ ಸಲವೂ ಪುಸ್ತಕದಲ್ಲಿ ಹೆಸರು. ಪಿವಿಸಿ ಹಾಳೆಯನ್ನು ಅದರೊಳಗೆ ಇಡುವಂತೆಯೇ ಇಲ್ಲ. ಕಾದ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಹೊರಟು, ನಿಂತವರ ಶ್ವಾಸಕೋಶವನ್ನೂ ಯಂತ್ರದ ಲೋಹವನ್ನೂ ಒಟ್ಟಿಗೆ ತಿನ್ನುತ್ತದೆ. ಇದನ್ನು ತರಬೇತಿಯಲ್ಲಿ ಮೂರು ಸಲ ಹೇಳಿಸಿದರು. ಆ ಯಂತ್ರ ಇಂದಿಗೂ ಹೊಸದರಂತಿದೆ.

ತ್ರಿ-ಡಿ ಪ್ರಿಂಟರಿನ ಕಥೆ ಇನ್ನೂ ಸ್ವಾರಸ್ಯ. ಮುದ್ರಣಕ್ಕೆ ಬಳಸುವ ಪಿಎಲ್ಎ ಎಂಬ ಪ್ಲಾಸ್ಟಿಕ್ಕಿನ ಒಂದು ಕಿಲೋ ಸುರುಳಿಯಲ್ಲಿ 1.75 ಮಿಲಿಮೀಟರ್ ದಪ್ಪದ ಎಳೆ ಸುಮಾರು 330 ಮೀಟರ್ ಇರುತ್ತದೆ. ಮುದ್ರಿಸುವ ಮೊದಲೇ ತಂತ್ರಾಂಶ 23 ಗ್ರಾಂ ಬೇಕು, 41 ಗ್ರಾಂ ಬೇಕು ಎಂದು ಹೇಳಿಬಿಡುತ್ತದೆ. ಜನ ಆ ಅಂಕಿಯನ್ನು ಗೋಡೆಯ ಹಾಳೆಯಲ್ಲಿ ಬರೆದು, ಪೆಟ್ಟಿಗೆಗೆ ಹಣ ಹಾಕುತ್ತಾರೆ. ಒಬ್ಬರೂ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಅದೇ ಜನ ಬೆಸುಗೆ ತಂತಿಯನ್ನು ಮೊಳಗಟ್ಟಲೆ ಎಳೆದುಕೊಂಡು ಒಂದು ಬಿಡಿಗಾಸನ್ನೂ ಹಾಕದೆ ಹೋಗುತ್ತಾರೆ. ಮನುಷ್ಯರು ಬೇರೆಯಲ್ಲ. ತಂತಿಗೆ ಎಷ್ಟು ಎಂದು ಹೇಳುವ ತಂತ್ರಾಂಶ ಇಲ್ಲ, ಅಷ್ಟೆ.

ಇನ್ನು ಸಿಟ್ಟಿನ ಭಾಗ.

ಎರಡನೆಯ ವರ್ಷ ಒಂದು ಸಂಜೆ ಹೋಗಿ ನೋಡಿದರೆ ಸೋಲ್ಡರಿಂಗ್ ತುದಿ ಬೆಳ್ಳಿಯಂತಲ್ಲ, ಹೊಸ ಪಾತ್ರೆಯ ತಾಮ್ರದಂತೆ ಹೊಳೆಯುತ್ತಿದೆ. ಯಾರೋ ಕಪ್ಪು ಹಿಡಿದದ್ದನ್ನು ಕಂಡು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಉಜ್ಜುಕಾಗದ ಹಿಡಿದು ತಿಕ್ಕಿದ್ದಾರೆ. ತುದಿಯ ಒಳಗಿರುವುದು ತಾಮ್ರ, ಹೊರಗಿರುವುದು ತೆಳುವಾದ ಕಬ್ಬಿಣದ ಲೇಪ. ಆ ಲೇಪ ಹೋದರೆ ಕರಗಿದ ತವರ ತಾಮ್ರವನ್ನು ಇಷ್ಟಿಷ್ಟೇ ತಿನ್ನತೊಡಗುತ್ತದೆ. ಎರಡು ವಾರದಲ್ಲಿ ತುದಿಯಲ್ಲಿ ಹುಳುಕು ಹಲ್ಲಿನಂತೆ ಗುಳಿ ಬಿತ್ತು. ಯಾರು ಮಾಡಿದ್ದೆಂದು ಕೇಳಿದರೆ ಯಾರೂ ಅಲ್ಲ. ಹೊಸ ತುದಿ ತಂದದ್ದು ನಾನು.

ಅದನ್ನಾದರೂ ಸಹಿಸಿಕೊಂಡೆ. ಸಹಿಸಲಾಗದ್ದು ರೆಸಿಸ್ಟರ್, ಅಂದರೆ ವಿದ್ಯುತ್ ಹರಿವಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗಗಳ ಡಬ್ಬಿಗಳು.

ಗೋಡೆಗೆ ಒರಗಿಸಿದ ಒಂದು ಕಪಾಟು, ಅದರ ತುಂಬ ಸಣ್ಣ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳು, ಪ್ರತಿಯೊಂದರ ಮೇಲೂ ತಡೆ ಎಷ್ಟು ಓಮ್ ಎಂಬ ಚೀಟಿ. 10, 12, 15, 18, 22, 27, 33, 39, 47, 56, 68, 82 ಎಂದು ಸಾಲು ಮುಗಿದು, ಮುಂದಿನ ಸಾಲಿನಲ್ಲಿ ಅವೇ ಅಂಕಿಗಳು ಹತ್ತರಷ್ಟಾಗಿ ಮತ್ತೆ ಶುರು. ನೋಡಲು ಬಲು ಚೆಂದ. ಅಂದು ನನಗೆ 5 ವೋಲ್ಟಿನ ಸಣ್ಣ ವಿದ್ಯುತ್ ಪೂರೈಕೆ ಬೇಕಿತ್ತು. ವೋಲ್ಟೇಜನ್ನು ಬೇಕಾದಷ್ಟಕ್ಕೆ ಹಿಡಿದಿಡುವ ಎಲ್ಎಂ317 ಎಂಬ ರೆಗ್ಯುಲೇಟರ್ ತೆಗೆದುಕೊಂಡೆ. ಅದಕ್ಕೆ ಎರಡು ರೆಸಿಸ್ಟರ್ ಸಾಕು. 220 ಓಮ್ ಒಂದು, 680 ಓಮ್ ಒಂದು ಹಾಕಿದರೆ 5.1 ವೋಲ್ಟ್ ಬರುತ್ತದೆ. ಡಬ್ಬಿ ಎಳೆದೆ, ಚೀಟಿ ಓದಿದೆ, ಕಾಲು ಮಡಚಿ ಬೆಸೆದೆ. ಅಳೆದು ನೋಡೋಣವೆಂದು ಮಲ್ಟಿಮೀಟರ್ ತೆಗೆದರೆ ಅದರ ಹೊಟ್ಟೆ ಖಾಲಿ, 9 ವೋಲ್ಟಿನ ಬ್ಯಾಟರಿಯನ್ನು ಯಾರೋ ತಮ್ಮ ಯಾವುದೋ ಕೆಲಸಕ್ಕೆ ಕಿತ್ತುಕೊಂಡು ಹೋಗಿದ್ದಾರೆ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ.

ಹೊತ್ತಾಗಿತ್ತು. ಅಳೆಯದೆಯೇ 12 ವೋಲ್ಟ್ ಕೊಟ್ಟೆ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಡಬ್ಬಿಯಲ್ಲಿ ಇದ್ದದ್ದು 680 ಅಲ್ಲ, 6,800. ರೆಗ್ಯುಲೇಟರ್ ತನ್ನಿಂದ ಆದಷ್ಟು ಮೇಲಕ್ಕೆ ಹೋಗಿ ಹತ್ತು ವೋಲ್ಟಿನ ಆಸುಪಾಸಿನಲ್ಲಿ ನಿಂತಿತು. ಮುಂದೆ ಕೂತಿದ್ದ ಎಟಿಮೆಗಾ328 ಮೈಕ್ರೋಕಂಟ್ರೋಲರ್ ಚಿಪ್ಪಿನ ಸಹನೆಯ ಗರಿಷ್ಠ ಮಿತಿ 6 ವೋಲ್ಟ್. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ. ಬೆರಳಿಟ್ಟರೆ ಮಾತ್ರ ಸುಟ್ಟಿತು. ಮೂರು ವಾರ ಕೂತು ಬರೆದ ಪ್ರೋಗ್ರಾಮ್ ಮನೆಯ ಕಂಪ್ಯೂಟರಿನಲ್ಲಿ ಉಳಿದಿತ್ತು, ಚಿಪ್ಪು ಉಳಿಯಲಿಲ್ಲ. ಆ ರಾತ್ರಿ ಸೋಲ್ಡರಿಂಗ್ ತುದಿಗೆ ಬೆಸುಗೆ ಹಚ್ಚದೆಯೇ ಎದ್ದು ಬಂದೆ. ನಾಳೆ ಬರುವವರು ಅನುಭವಿಸಲಿ ಎಂದುಕೊಂಡೆ. ಬರೆಯಲು ಈಗ ನಾಚಿಕೆಯಾಗುತ್ತದೆ.

ಮುಂದಿನ ಸಭೆಯಲ್ಲಿ ಜೋರಾಗಿಯೇ ಮಾತಾಡಿದೆ. ಇಂಥ ಜಾಗಗಳು ಹೊಸವೇನಲ್ಲ. ಬರ್ಲಿನ್ನಿನ ಸಿ-ಬೇಸ್ 1995ರಲ್ಲೇ ಶುರುವಾದದ್ದು. ಸ್ಯಾನ್ ಫ್ರಾನ್ಸಿಸ್ಕೋದ ನಾಯ್ಸ್‌ಬ್ರಿಡ್ಜ್‌ಗೆ ಒಬ್ಬರೊಡನೊಬ್ಬರು ಚೆನ್ನಾಗಿ ನಡೆದುಕೊಳ್ಳಿ ಎಂಬ ಒಂದೇ ನಿಯಮ ಎಂದು ಪ್ರಸಿದ್ಧಿ. ನಮ್ಮ ಗೋಡೆಯ ಮೇಲೂ ಅಂಥದ್ದೇ ಒಂದು ಮಾತು ಅಂಟಿಸಿದೆ. ಆ ಮಾತು 680ರ ಡಬ್ಬಿಗೆ 6,800 ಹಾಕಿದವರನ್ನು ಏನು ಮಾಡಬೇಕೆಂದು ಹೇಳುವುದಿಲ್ಲವಲ್ಲ ಎಂದು ಕೇಳಿದೆ. ನಿವೃತ್ತರಾದ ಹಿರಿಯ ರೇಡಿಯೋ ಮೆಕ್ಯಾನಿಕ್ ಒಬ್ಬರು ನಮ್ಮಲ್ಲಿದ್ದಾರೆ, ಎಲ್ಲರೂ ಮೇಷ್ಟ್ರೇ ಎಂದು ಕರೆಯುತ್ತಾರೆ. ಅವರು ತಲೆ ಎತ್ತದೆ, “ಕಂಡವರೇ ಮಾಡಬೇಕಪ್ಪ. ಶನಿವಾರ ಬಾ, ನಾನೂ ಬರುತ್ತೇನೆ” ಎಂದರು. ಮಾಡುವವರದ್ದೇ ತೀರ್ಮಾನ ಎನ್ನುವುದು ಹ್ಯಾಕರ್‌ಸ್ಪೇಸುಗಳಲ್ಲಿ ಎಲ್ಲೆಡೆ ಚಾಲ್ತಿಯಲ್ಲಿರುವ ಮಾತು. ದೂರು ಹೇಳಿದವನ ಕೊರಳಿಗೇ ಕೆಲಸ ಕಟ್ಟಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಶನಿವಾರ ಮುಖ ಗಂಟಿಕ್ಕಿಕೊಂಡೇ ಹೋದೆ. ಕಾಲೇಜು ವಿದ್ಯಾರ್ಥಿನಿ ಒಬ್ಬಳೂ ಬಂದಿದ್ದಳು. ಡಬ್ಬಿಗಳನ್ನೆಲ್ಲ ದೊಡ್ಡ ಹಾಳೆಯ ಮೇಲೆ ಸುರಿದೆವು. ಮೇಷ್ಟ್ರು ಮೀಟರಿಗೆ ತಾವೇ ತಂದಿದ್ದ ಬ್ಯಾಟರಿ ಹಾಕಿ, ಒಂದೊಂದನ್ನೇ ಅಳೆದು ಅಂಕಿ ಕೂಗುವುದು, ನಾನು ಡಬ್ಬಿಗೆ ಹಾಕುವುದು, ಅವಳು ಹೊಸ ಚೀಟಿ ಬರೆಯುವುದು. ನೀಲಿ ಮೈಯ, ಐದು ಪಟ್ಟೆಯ ರೆಸಿಸ್ಟರ್ ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದು, ನಾನು ಮೀಟರ್ ಕಾಯದೆ, “680” ಎಂದೆ.

“ಅಲ್ಲ ಅಂಕಲ್, ನಾಲ್ಕನೆಯ ಪಟ್ಟೆ ಕಪ್ಪಲ್ಲ, ಕಂದು” ಎಂದಳು ಹುಡುಗಿ.

“ಕಪ್ಪೇ ಇದೆಯಲ್ಲಮ್ಮ.”

ಮೇಷ್ಟ್ರು ಅಳೆದರು. 6,800.

ರೆಸಿಸ್ಟರಿನ ಅಳತೆ ಬರೆದಿರುವುದು ಪಟ್ಟೆಗಳ ಬಣ್ಣದಲ್ಲೇ. ಐದು ಪಟ್ಟೆಯವುಗಳಲ್ಲಿ ಮೊದಲ ನಾಲ್ಕು ಪಟ್ಟೆ ಓದಿದರೆ 680 ಎಂದರೆ ನೀಲಿ, ಬೂದು, ಕಪ್ಪು, ಕಪ್ಪು. 6,800 ಎಂದರೆ ನೀಲಿ, ಬೂದು, ಕಪ್ಪು, ಕಂದು. ಕಡು ನೀಲಿ ಮೈಯ ಮೇಲೆ, ಆ ಬೆಳಕಿನಲ್ಲಿ, ನನ್ನ ವಯಸ್ಸಿನ ಕಣ್ಣಿಗೆ ಎರಡೂ ಒಂದೇ. ಎರಡು ವರ್ಷ ನಾನೂ ಉಳಿದ ರೆಸಿಸ್ಟರುಗಳನ್ನು ಅದೇ ಡಬ್ಬಿಗಳಿಗೆ ವಾಪಸು ಹಾಕಿದ್ದೇನೆ, ಬಣ್ಣ ನೋಡಿಯೇ ಹಾಕಿದ್ದೇನೆ. ಎಷ್ಟನ್ನು ಎಲ್ಲಿ ಹಾಕಿದೆನೋ! ಮೇಷ್ಟ್ರು ಏನೂ ಅನ್ನಲಿಲ್ಲ, ಮುಂದಿನದನ್ನು ಎತ್ತಿ, “ನಾಲ್ಕು ಸಾವಿರದ ಏಳು ನೂರು” ಎಂದು ಕೂಗಿದರು.

ಆ ಕೆಲಸ ನಾಲ್ಕು ಶನಿವಾರ ನಡೆಯಿತು. ಅದರಲ್ಲಿ ಇಷ್ಟು ಖುಷಿ ಇದ್ದೀತೆಂದು ನಾನು ಎಣಿಸಿರಲಿಲ್ಲ. ಕಾಲು ಸೊಟ್ಟಗಾದದ್ದನ್ನು ಬೆರಳಿನಿಂದ ನೇರ ಮಾಡಿ ಡಬ್ಬಿಗೆ ಬಿಟ್ಟರೆ ಅಕ್ಕಿಯೊಳಗಿನ ಕಲ್ಲು ತಟ್ಟೆಗೆ ಬಿದ್ದಂಥ ಸಣ್ಣ ಸದ್ದು. ಆ ನಡುವೆ ಮೇಷ್ಟ್ರು ಟ್ರಾನ್ಸಿಸ್ಟರಿಗೂ ಹಿಂದಿನ ವಾಲ್ವ್ ರೇಡಿಯೋಗಳ ಕಾಲದ ಕಥೆ ಹೇಳುತ್ತಿದ್ದರು. ಯಂತ್ರಗಳ ಪಟ್ಟಿ ನೋಡಿ ಸೇರಿದವನು ನಾನು, ಮೂರನೆಯ ವರ್ಷದ ಹಣ ಕಟ್ಟಿದ್ದು ಈ ನಾಲ್ಕು ಶನಿವಾರಗಳನ್ನು ನೆನೆದು.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಬಳಸದೆ ಉಳಿದ ಬಿಡಿಭಾಗವನ್ನು ಯಾರೂ ತಾವಾಗಿ ಡಬ್ಬಿಗೆ ಹಾಕಬಾರದು. ಬೆಂಚಿನ ಮೇಲೆ ಒಂದು ಬಟ್ಟಲಿದೆ, ಅದಕ್ಕೆ ಹಾಕಿ ಹೋಗಬೇಕು, ಶನಿವಾರ ಅಳೆದು ಹಂಚುತ್ತೇವೆ. ಇದು ಚೆನ್ನಾಗಿ ನಡೆದಿದೆ. ಇನ್ನೊಂದು, ಕೆಟ್ಟ ಉಪಕರಣಕ್ಕೆ ಕಟ್ಟಲು ಕೆಂಪು ಚೀಟಿ. ಏನು ಕೆಟ್ಟಿದೆ, ಯಾವತ್ತು ಎಂದಷ್ಟೇ ಬರೆದರೆ ಸಾಕು, ಹೆಸರು ಬೇಡ. ಇದು ಅರ್ಧ ಮಾತ್ರ ನಡೆದಿದೆ. ಮಲ್ಟಿಮೀಟರನ್ನು ಕರೆಂಟ್ ಅಳೆಯುವ ತೂತಿನಲ್ಲೇ ಇಟ್ಟು ವೋಲ್ಟೇಜ್ ಅಳೆಯಲು ಹೋಗಿ ಫ್ಯೂಸ್ ಸುಡುವವರು ಇಂದಿಗೂ ಇದ್ದಾರೆ. ಸುಟ್ಟ ಮೇಲೂ ವೋಲ್ಟೇಜ್ ಸರಿಯಾಗಿಯೇ ತೋರಿಸುತ್ತದೆ, ಕರೆಂಟ್ ಮಾತ್ರ ಸೊನ್ನೆ. ಹಾಗಾಗಿ ಸುಟ್ಟವರಿಗೇ ಗೊತ್ತಾಗುವುದಿಲ್ಲ, ಅಥವಾ ಗೊತ್ತಾಗಲಿಲ್ಲ ಎಂದುಕೊಂಡು ಹೋಗುತ್ತಾರೆ. ನನ್ನ ಚೀಲದಲ್ಲಿ ಈಗ ಎರಡು ಬಿಡಿ ಫ್ಯೂಸ್, ಒಂದು 9 ವೋಲ್ಟಿನ ಬ್ಯಾಟರಿ, ನನ್ನದೇ ಒಂದು ಸೋಲ್ಡರಿಂಗ್ ತುದಿ ಸದಾ ಇರುತ್ತವೆ. ಹಂಚಿಕೊಳ್ಳುವ ಜಾಗಕ್ಕೆ ಸ್ವಂತ ತುದಿ ಒಯ್ಯುವುದು ತುಸು ಸಣ್ಣತನವೇ ಇರಬಹುದು. ಆದರೂ ಒಯ್ಯುತ್ತೇನೆ.

ಐದರಲ್ಲಿ ಮೂರೂವರೆ. ಮನೆಯಲ್ಲಿ ಜಾಗವೂ ಸಲಕರಣೆಯೂ ಇದ್ದು ಅವಸರದ ಕೆಲಸ ಮಾಡುವವರಿಗೆ ಇದು ಒಗ್ಗುವುದಿಲ್ಲ, ಸುಮ್ಮನೆ ರಕ್ತದೊತ್ತಡ. ನನ್ನಂತೆ ಒಂದೇ ಮೇಜಿನ ಮನೆಯವರು ಧಾರಾಳವಾಗಿ ಸೇರಬಹುದು. ಸೇರುವ ಮುಂಚೆ ನೋಡಲು ಹೋದಾಗ ಅವರು ಖಂಡಿತ ಮೊದಲು ಲೇಸರ್ ಯಂತ್ರದ ಮುಂದೆ ನಿಲ್ಲಿಸುತ್ತಾರೆ. ನೋಡಿ, ತಲೆದೂಗಿ. ಆಮೇಲೆ ಡ್ರಿಲ್ ಬಿಟ್ಟುಗಳ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿ, ಮುಚ್ಚಳ ತೆಗೆದು, 3 ಮಿಲಿಮೀಟರಿನ ಬಿಟ್ ತನ್ನ ತೂತಿನಲ್ಲಿ ಇದೆಯೇ, ಇದ್ದರೆ ಮುರಿಯದೆ ಇದೆಯೇ ನೋಡಿಕೊಳ್ಳಿ. ನಮ್ಮಲ್ಲಿ ಕಳೆದ ವಾರ ಇತ್ತು.